ಮೆಣಸಿನ ಹೊಲದ ಮಡಿ

ನಮ್ಮ ಯಜಮಾನರಾದ ಹಾಲಸ್ವಾಮಿಯವರಿಗೆ ಮೆಣಸಿನ ಗಿಡದ ಬಗ್ಗೆ ತಿಳಿದಿದ್ದು ಒಂದೇ ಒಂದು ಸಂಗತಿ. ಮುಟ್ಟಾದ ಹೆಂಗಸು ಹೊಲದೊಳಗೆ ಕಾಲಿಟ್ಟರೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ನೀರೆಷ್ಟು ಬಿಡಬೇಕು, ಗೊಬ್ಬರ ಯಾವಾಗ ಹಾಕಬೇಕು ಎಂಬುದನ್ನೆಲ್ಲ ಪಕ್ಕದ ಹೊಲದ ಉಜ್ಜಿನಪ್ಪನನ್ನು ಕೇಳಿ ಮಾಡುತ್ತಿದ್ದರು. ಇದೊಂದನ್ನು ಮಾತ್ರ ಯಾರನ್ನೂ ಕೇಳದೆ ತಾವೇ ಊರಿಗೆಲ್ಲ ಹೇಳಿಕೊಡುತ್ತಿದ್ದರು.

ನಾವು ತಂಬ್ರಹಳ್ಳಿಯ ಅಯ್ಯನವರ ಮನೆಯವರು. ಲಿಂಗ ಕಟ್ಟಿಕೊಂಡವರಿಗೆ ಮುಟ್ಟಿನ ಸೂತಕವಿಲ್ಲವೆಂದು ಮದುವೆಯಾದ ಹೊಸದರಲ್ಲಿ ಇದೇ ಮನುಷ್ಯ ಎಲೆಯಡಿಕೆ ಅಗಿಯುತ್ತ ನನಗೆ ಉಪದೇಶ ಮಾಡಿದ್ದರು. ಆದ್ದರಿಂದ ತಿಂಗಳ ಆ ದಿನಗಳಲ್ಲೂ ನಾನು ರೊಟ್ಟಿ ಬಡಿಯುತ್ತೇನೆ, ಪೂಜೆಗೆ ನೀರು ತುಂಬಿಡುತ್ತೇನೆ. ಅವರು ಚಪ್ಪರಿಸಿ ಉಣ್ಣುತ್ತಾರೆ. ದೇವರಿಗೆ ತಟ್ಟದ ಮೈಲಿಗೆ ಮೆಣಸಿನ ಗಿಡಕ್ಕೆ ಹೇಗೆ ತಟ್ಟುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಶಿವಬಸಮ್ಮ, ಅದು ಬೆಳಿ ವಿಚಾರ ಐತಿ. ನಿನಗ ತಿಳಿಯಂಗಿಲ್ಲ, ಸುಮ್ನಿರು" ಎಂದಿದ್ದರು.

ಎರಡು ಸಾವಿರದ ಮೂರನೇ ಇಸವಿಯಲ್ಲಿ, ಬೋರಿಗೆ ನೀರು ಚೆನ್ನಾಗಿ ಬಿದ್ದಿದೆಯೆಂದು ಎರಡೆಕರೆ ಮೆಣಸು ಹಚ್ಚಿದರು. ಮೊದಲ ಹೂ ಕಂಡ ದಿನದಿಂದ ಬೆಳಿಗ್ಗೆ ಬದುವಿನ ಮೇಲೆ ನಿಂತು, ಕಳೆ ತೆಗೆಯಲು ಬಂದ ಹೆಂಗಸರನ್ನು ತಡೆದು ಕೇಳುವುದೇ ಕೆಲಸವಾಯಿತು.

"ಹೊರಗಾದವ್ರು ಯಾರೂ ಇಲ್ಲಲ್ಲ?"

ಕೇಳುವಾಗ ಮುಖ ಮಾತ್ರ ಬೇವಿನ ಮರದ ಕಡೆ. ಅಷ್ಟು ಮರ್ಯಾದಸ್ಥರು! ಕೆಲಸಕ್ಕೆ ಬೇಸರ ಬಂದವಳು "ಆಗೀನ್ರಿ" ಎಂದು ಹೇಳಿ ಮನೆಗೆ ಹೋಗಿ ಹಾಯಾಗಿ ಮಲಗುತ್ತಿದ್ದಳು. ನಿಜಕ್ಕೂ ಆದವಳು ಕೂಲಿ ಬಿಡಲಾರದೆ ಬಾಯಿ ಮುಚ್ಚಿಕೊಂಡು ಒಳಗೆ ನಡೆಯುತ್ತಿದ್ದಳು. ಇದು ಯಜಮಾನರೊಬ್ಬರಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಬುತ್ತಿ ಒಯ್ದು ಅಲ್ಲೇ ನಾಲ್ಕು ಗಳಿಗೆ ಕಳೆ ತೆಗೆಯುವ ನನ್ನನ್ನು ಮಾತ್ರ ಅವರು ಕೇಳಲಿಲ್ಲ. ಹೆಂಡತಿಗೂ ಅದೆಲ್ಲ ಇರುತ್ತದೆ ಎನ್ನುವುದು ಹೊಳೆದಿರಲಿಕ್ಕಿಲ್ಲ.

ಹುಳಕ್ಕೆಂದು ಔಷಧಿ ಹೊಡೆದ ಮೇಲೆ ವಾರದೊಳಗೆ ಹೂ ಉದುರತೊಡಗಿತು. ಕುಡಿಯ ಎಲೆಗಳು ಸೊಟ್ಟಗಾಗಿ ಮುರುಟಿಕೊಂಡವು. ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಬುಡದಲ್ಲೆಲ್ಲ ಬಿಳಿ ಹೂ. ಬೋರಿನ ಪಕ್ಕದ ನಾಲ್ಕು ಸಾಲು ಮಾತ್ರ ನೆಟ್ಟಗಿದ್ದು, ಎಳೆಯ ಕಾಯಿ ಕಚ್ಚಿದ್ದವು. ಅಲ್ಲಿಗೆ ಬರುವಷ್ಟರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನ ಔಷಧಿ ತೀರಿತ್ತು.

ಉಜ್ಜಿನಪ್ಪ ಬಂದು ಎಲೆ ಹಿಚುಕಿ ನೋಡಿದ. ಬದುವಿನ ಮೇಲಿದ್ದ ಪಂಪಿನ ಬಾಯಿ ಮೂಸಿದ.

"ಅಯ್ನೋರ, ಮೆಕ್ಕೆಜೋಳದಾಗ ಕಸ ಸಾಯೋ ಎಣ್ಣಿ ಹೊಡದ್ರಲ್ಲ, ಅದು ಇದ ಪಂಪೇನ್ರಿ? ತೊಳದಿದ್ರೋ ಇಲ್ಲೋ?"

"ನೀರು ಹಾಕಿ ಅಳ್ಳಾಡಿಸಿ ಚೆಲ್ಲೀನಲ್ಲ!"

"ಅಷ್ಟಕ್ಕ ಹೋಗಂಗಿಲ್ರಿ ಅದು. ಸೋಡಾ ಹಾಕಿ ತಿಕ್ಕಬೇಕು. ಪಂಪ್ ಮುಟ್ಟದ ಸಾಲು ನೋಡ್ರಿ, ಹೆಂಗ ಅದಾವ."

"ಕಸಕ್ಕ ಅಂತ ತಂದಿದ್ದು ಗಿಡಕ್ಕ ಯಾಕ ತಾಗತೈತಲೇ?"

ಇಂಥ ಬುದ್ಧಿವಂತರಿಗೆ ಯಾರು ತಾನೇ ಏನು ಹೇಳಬೇಕು? ಉಜ್ಜಿನಪ್ಪ ಬೀಡಿ ಹಚ್ಚಿಕೊಂಡು ತನ್ನ ಹೊಲಕ್ಕೆ ಹೋದ.

ಯಜಮಾನರಿಗೆ ಬೇಕಾಗಿದ್ದುದು ಕಾರಣವಲ್ಲ, ಬೈಯಲು ಒಬ್ಬ ಹೆಂಗಸು. ಸಿಕ್ಕವಳು ದುರುಗಮ್ಮ. ಆ ವಾರ ಒಂದು ದಿನ ಅವಳು ಹೊಟ್ಟೆನೋವೆಂದು ಕೆಲಸ ಅರ್ಧಕ್ಕೇ ಬಿಟ್ಟು ಹೋಗಿದ್ದಳು. ಹಾಗೆ ಹೋದವರು ನಮ್ಮ ಓಣಿಯವರೂ ಇದ್ದರು. ಅವರ ಕಡೆ ಬೆರಳು ತೋರಿಸುವ ಧೈರ್ಯ ಇವರಿಗೆಲ್ಲಿಂದ ಬರಬೇಕು? ಊರ ಹೊರಗಿನ ಕೇರಿಯ ಗಂಡನಿಲ್ಲದ ದುರುಗಮ್ಮ ಸಲೀಸಾಗಿ ಸಿಕ್ಕಳು. ಅವಳು ಹೊಲದ ಬದುವಿಗೆ ಬಂದು, ಹಿರಿಯರೆದುರು ತೆಂಗಿನಕಾಯಿ ಒಡೆದು 'ನನ್ನಿಂದ ತಪ್ಪಾತು' ಅನ್ನಬೇಕು, ಇಲ್ಲದಿದ್ದರೆ ಯಾರೂ ಅವಳನ್ನು ಮೆಣಸಿನಕಾಯಿ ಬಿಡಿಸಲು ಕರೆಯಬಾರದು ಎಂದು ಕಟ್ಟೆಯ ಮೇಲೆ ತೀರ್ಮಾನ ಮಾಡಿಸಿ ಬಂದರು. ಮೆಣಸು ಬೆಳೆದ ಉಳಿದ ಗಂಡಸರೂ ದೊಡ್ಡ ನ್ಯಾಯ ನಡೆದಂತೆ ತಲೆಯಾಡಿಸಿದರಂತೆ. ಕಾಯಿ ಬಿಡಿಸುವ ಕೂಲಿ ತಪ್ಪಿದರೆ ಅವಳ ಒಲೆ ಉರಿಯುವುದಿಲ್ಲವೆಂದು ಅವರಿಗೆಲ್ಲ ಗೊತ್ತಿತ್ತು.

ಸಂಜೆ ದುರುಗಮ್ಮ ನಮ್ಮ ಹಿತ್ತಿಲಿಗೆ ಬಂದಳು.

"ಅಮ್ಮನೋರ, ನನಗದು ನಿಂತು ಎಷ್ಟೋ ವರ್ಷ ಆತು. ನಿಮಗೂ ಗೊತ್ತೈತಿ."

"ಹಂಗಾರ ನಾಳೆ ಅಷ್ಟ ಹೇಳಿಬಿಡು. ಮುಗದ್ಹೋಗತೈತಿ" ಎಂದೆ.

ಅವಳು ನನ್ನನ್ನು ನೋಡಿದ ರೀತಿಗೆ ನನಗೆ ನಾಚಿಕೆಯಾಯಿತು.

"ಆ ಗಂಡಸ್ರ ಮುಂದ ನಿಂತು ನನ್ನ ಮೈಯಿನ ವರದಿ ಒಪ್ಪಿಸ್ಲೇನ್ರಿ? ಉಪಾಸ ಬೀಳ್ತೀನಿ, ಅದನ್ನ ಹೇಳಂಗಿಲ್ಲ. ತಪ್ಪಾತು ಅಂತನೂ ಅನ್ನಂಗಿಲ್ಲ."

ಮರುದಿನ ಯಜಮಾನರು ಮಡಿಪಂಚೆ ಉಟ್ಟು, ವಿಭೂತಿ ಬಳಿದುಕೊಂಡು, ತೆಂಗಿನಕಾಯಿ ತಾವೇ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಐದಾರು ಗಂಡಸರು ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದರು. ದುರುಗಮ್ಮ ಬಂದು ನಿಂತಳು. ಇವರು ತೆಂಗಿನಕಾಯಿ ಕೊಡಲು ಹೋದರೆ ಕೈ ಚಾಚಲಿಲ್ಲ.

"ಹೊರಗಾಗಿದ್ದಿ ಹೌದಿಲ್ಲೋ? ಬಾಯಿ ಬಿಡು" ಎಂದರು ಯಜಮಾನರು. ಈ ಸಲ ಬೇವಿನ ಮರದ ಕಡೆ ನೋಡಲಿಲ್ಲ. ಅವಳನ್ನೇ ದುರುಗುಟ್ಟಿ ನೋಡಿದರು.

ದುರುಗಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಅವರನ್ನೇ ನೋಡುತ್ತ ನಿಂತಳು. ನನಗೆ ಹೇಸಿಗೆಯಾಯಿತು. ಇಂಥವನಿಗೆ ಇಪ್ಪತ್ತು ವರ್ಷ ಬಡಿಸಿದೆನಲ್ಲ ಎನಿಸಿತು.

"ಆಕಿನ್ನ ಯಾಕ ಕೇಳ್ತೀರಿ? ಆಗಿದ್ದು ನನಗ" ಎಂದೆ. "ನೀವು ಎಣ್ಣಿ ಹೊಡಿಯೋ ಮುಂದ ಹೊರಗಾಗಿ ಹೊಲದಾಗಿದ್ದಾಕಿ ನಾನು. ಬೋರಿನ ಕಡಿ ನಾಕು ಸಾಲು ಕಳೆ ತೆಗದಾಕಿನೂ ನಾನು. ಹೋಗಿ ನೋಡಿ ಬರ್ರಿ, ಎರಡೆಕ್ರಿಯಾಗ ಕಾಯಿ ಕಚ್ಚಿದ್ದು ಅದೊಂದ ಜಾಗದಾಗ."

ಗಂಡಸರು ನೆಲ ನೋಡತೊಡಗಿದರು. ಹೆಂಗಸಿನ ಮೈ ಬಗ್ಗೆ ಅಷ್ಟು ದಿನ ಬಾಯಿ ತುಂಬ ಮಾತಾಡಿದವರಿಗೆ ಹೆಂಗಸೇ ಮಾತಾಡಿದ ಕೂಡಲೇ ನಾಚಿಕೆ ಹುಟ್ಟಿತು. ಉಜ್ಜಿನಪ್ಪ ಎದ್ದು ಪಂಚೆ ಕೊಡವಿಕೊಂಡ.

"ದುರುಗಮ್ಮ, ನಮ್ಮ ಹೊಲಕ್ಕ ಕಾಯಿ ಬಿಡಸಾಕ ನೀನ ಬರಬೇಕು ನೋಡವಾ" ಎಂದ. ಅವಳು ತಲೆಯಾಡಿಸಿ ಹೋದಳು. ಯಜಮಾನರು ಒಡೆಯದ ತೆಂಗಿನಕಾಯಿ ಹಿಡಿದುಕೊಂಡು ನಿಂತೇ ಇದ್ದರು.

ಇಷ್ಟಾದ ಮೇಲಾದರೂ ಬುದ್ಧಿ ಬಂತೆಂದುಕೊಂಡರೆ ನನ್ನಂಥ ದಡ್ಡಿ ಇಲ್ಲ. ಉಳಿದ ನಾಲ್ಕು ಸಾಲನ್ನು ನನ್ನ ಮೈಲಿಗೆಯಿಂದ ಶುದ್ಧ ಮಾಡಲು ನಿಂತರು. ಸುತ್ತಲೂ ಜಾಲಿಮುಳ್ಳಿನ ಬೇಲಿ ಬಡಿದರು. ಹೆಣ್ಣು ಗಂಡೆನ್ನದೆ ಯಾರೂ ಒಳಗೆ ಹೋಗಕೂಡದು, ಕಳೆ, ನೀರು ಎಲ್ಲ ತಾವೇ. ಆಮೇಲೆ ಗೋಮೂತ್ರಕ್ಕೆ ನೀರು ಬೆರೆಸಿ ಪಂಪಿಗೆ ಸುರಿದರು. ಹಿಂದಿನ ದಿನ ಅದರಲ್ಲೇ ಬದುವಿನ ಹುಲ್ಲಿಗೆ ಅದೇ ಕಸ ಸಾಯುವ ಎಣ್ಣೆ ಹೊಡೆದಿದ್ದರು.

"ಪಂಪ್ ತೊಳಕೊಳ್ರಿ" ಎಂದೆ.

"ಬಾಯಿ ಮುಚ್ಚು. ಮೈಲಿಗಿ ಆಗಿದ್ದು ನಿನ್ನಿಂದ, ಪಂಪಿನಿಂದಲ್ಲ" ಎಂದರು.

ಬಾಯಿ ಮುಚ್ಚಿದೆ. ಮಂತ್ರ ಗೊಣಗುತ್ತ, ಒಂದು ಗಿಡವನ್ನೂ ಬಿಡದೆ, ಬುಡದಿಂದ ಕುಡಿಯವರೆಗೆ ತೊಯ್ಯುವಂತೆ ಹೊಡೆದರು. ಗೊಬ್ಬರದ ಅಂಗಡಿಯವನು ಹೇಳಿದ್ದನ್ನು ಯಾವತ್ತೂ ಇಷ್ಟು ಶ್ರದ್ಧೆಯಿಂದ ಮಾಡಿದವರಲ್ಲ.

ಕೆಲವು ದಿನ ಕಳೆದು, ನಾನು ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಬಂದರು. ಬೊಗಸೆಯಲ್ಲಿ ಬಾಡಿದ ಹೂವು, ಸೊಟ್ಟಗಾದ ಎಳೆಗಾಯಿ.

"ಖರೇ ಹೇಳಬೇಕು. ಬೇಲಿ ಒಳಗ ಯಾರು ಹೋಗಿದ್ರು?"

ರೊಟ್ಟಿ ತಿರುವಿ ಹಾಕಿದೆ.

"ನೀವೊಬ್ರ ರೀ."