ಮರದ ಗೋಡೆಗೆ ನೀರು ಹೊಡೆದ ಮೇಸ್ತ್ರಿ

ಗೋಡೆಯ ತೇವ ಯಾರ ಮನೆಯಲ್ಲಿಲ್ಲ ಹೇಳಿ? ನಮ್ಮ ಪಕ್ಕದ ಗಾರೆ ಮೇಸ್ತ್ರಿಗಳ ಬಾಡಿಗೆ ಕೋಣೆಯಲ್ಲಂತೂ ಮಂಚವನ್ನು ಗೋಡೆಯಿಂದ ದೂರ ಎಳೆದೆಳೆದು ಅದೀಗ ಬಾಗಿಲಿಗೇ ಬಂದು ನಿಂತಿತ್ತು. ಮೊಮ್ಮಗಳು ಕೆಮ್ಮದ ದಿನವಿಲ್ಲ. ಸೊಸೆ ಬಟ್ಟೆ ಹೊಲಿಯುವವಳು. ಹೊಲಿದದ್ದಕ್ಕೆಲ್ಲ ಮುಗ್ಗಲು ವಾಸನೆ.

ಹತ್ತಿರದಲ್ಲೇ ಗೃಹ ಸಹಕಾರ ಸಂಘದವರು ಮರದ ಮನೆ ಕಟ್ಟುತ್ತಿದ್ದರು. ಗೋಡೆ, ಚಾವಣಿ ಎಲ್ಲ ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತವೆ. ಇಲ್ಲಿ ಜೋಡಿಸಿದರೆ ಮುಗಿಯಿತು. ಕೆಲಸದ ದಿನಗಳು ಉಳಿಯುವುದರಿಂದ ಬೆಲೆಯೂ ಕೈಗೆಟುಕುವಂತಿತ್ತು. ಇವರ ಪಾಲಿಗೂ ಒಂದು ಮನೆ ಬಂದಿತ್ತು. ಅಂದು ಸಂಜೆಯೊಳಗೆ ಒಪ್ಪಿಗೆ ಹೇಳದಿದ್ದರೆ ಅದು ಬೇರೆಯವರಿಗೆ.

ಮೇಸ್ತ್ರಿಗಳು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಜೀವಮಾನವೆಲ್ಲ ಇಟ್ಟಿಗೆ ಕಟ್ಟಿದೋನು ನಾನು. ಈಗ ಹೋಗಿ ಬೆಂಕಿಪೆಟ್ಟಿಗೇಲಿ ಮಲಗ್ಲಾ?”

“ಒಂದ್ಸಲ ಬಂದು ನೋಡಿ ಮಾವ. ನೋಡಿದ್ಮೇಲೂ ಬೇಡ ಅಂದ್ರೆ ನಾನು ಮತ್ತೆ ಬಾಯಿ ಬಿಡಲ್ಲ,” ಅಂದಳು ಸೊಸೆ. ಅವಳ ಕಣ್ಣು ತುಂಬಿತ್ತು.

ಮೇಸ್ತ್ರಿಗಳು ಗೊಣಗುತ್ತಲೇ ಮೊಮ್ಮಗಳ ಕೈ ಹಿಡಿದು ಹೊರಟರು, ಜೊತೆಗೆ ಸೊಸೆ. ನಾನೂ ಹಿಂದೆಯೇ ಹೋದೆ. ಇಂಥ ತಮಾಷೆ ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಬೆಳಿಗ್ಗೆ ಲಾರಿಯಿಂದ ಇಳಿದ ಗೋಡೆಗಳು ಆಗಲೇ ಎದ್ದು ನಿಂತಿದ್ದವು. ಜೋಡಣೆಯ ಉಸ್ತುವಾರಿ ಬಡಗಿ ಅಕ್ಕನದು. ಆಕೆ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ನಮ್ಮ ಮೇಸ್ತ್ರಿಗಳು ಪೈಪು ಹಿಡಿದು ಹೊರಗಿನಿಂದ ಗೋಡೆಗೆ ನೀರು ಹೊಡೆಯುತ್ತಿದ್ದರು!

“ಅಯ್ಯಯ್ಯೋ, ಏನ್ ಮಾಡ್ತಿದ್ದೀರಿ?” ಎಂದು ಆಕೆ ಓಡಿ ಬಂದಳು.

“ಹೊಸ ಗೋಡೆ, ಒಬ್ರೂ ನೀರು ಹಾಕಿಲ್ಲ! ನೆನೀದೆ ಹೇಗಮ್ಮ ಗಟ್ಟಿಯಾಗುತ್ತೆ?”

ಬಡಗಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಸೆಯೂ ನಕ್ಕಳು. ನಾನಂತೂ ಅಲ್ಲೇ ಕೂತುಬಿಟ್ಟೆ. ಆಮೇಲೆ ಎಲ್ಲರೂ ಸೇರಿ ಗೋಡೆ ಒರೆಸಿದೆವು.

“ಸಿಮೆಂಟಿಗೆ ನೀರು ಬೇಕು ಮೇಸ್ತ್ರಿಗಳೇ, ಮರ ಒಣಗೇ ಇರ್ಬೇಕು. ಒಣಗಿಸಿದ ಹಲಗೆಗಳನ್ನ ಅಡ್ಡ, ಉದ್ದ ಇಟ್ಟು ಅಂಟಿಸಿದ್ದೀವಿ. ಅದಕ್ಕೇ ಇಷ್ಟು ಗಟ್ಟಿ.”

“ಬೆಂಕಿ ಹತ್ತಿದ್ರೆ?”

“ಮರ ಉರಿಯುತ್ತೆ, ಸುಳ್ಳು ಹೇಳಲ್ಲ. ಆದ್ರೆ ದಪ್ಪ ಮರ ಒಣ ಕಡ್ಡಿ ಥರ ಭಗ್ಗನೆ ಹತ್ತಲ್ಲ. ಮೇಲ್ಪದರ ಇದ್ದಿಲಾಗಿ ಒಳಗಿನ ಮರನ ಸ್ವಲ್ಪ ಹೊತ್ತು ಕಾಯುತ್ತೆ. ಅದರ ಮೇಲೆ ಬೆಂಕಿ ತಡೆಯೋ ಜಿಪ್ಸಮ್ ಹಲಗೆ ಬೇರೆ ಹೊಡೀತೀವಿ. ಹೊರಗೋಡಿ ಬರೋಕೆ ಸಮಯ ಸಿಗುತ್ತೆ.”

“ಕಾಡು ಕಡಿದು ಮನೆ ಕಟ್ಟೋದು ಯಾವ ನ್ಯಾಯ?”

“ಇದು ನೆಟ್ಟು ಬೆಳೆಸಿದ ತೋಪಿನ ಮರ. ಕಡಿದ ಕಡೆ ಮತ್ತೆ ಸಸಿ ನೆಡ್ತಾರೆ. ಅದನ್ನ ಖಾತ್ರಿ ಮಾಡ್ಕೊಂಡೇ ಸಂಘದೋರು ಕೊಳ್ಳೋದು.”

“ಗೆದ್ದಲು?”

“ಅದಕ್ಕೆ ನಿಮ್ಮ ಕಸುಬೇ ಬೇಕು. ಮರ ಮಣ್ಣಿಗೆ ತಾಗಬಾರದು ಅಂತ ಕೆಳಗೆ ಸಿಮೆಂಟ್ ಕಟ್ಟೆ ಹಾಕಿದ್ದೀವಿ. ಹೇಗಿದೆ, ನೀವೇ ನೋಡಿ ಹೇಳಿ.”

ಮೇಸ್ತ್ರಿಗಳ ಮುಖ ಅರಳಿತು. ತೋಳು ಮಡಚಿ ಒಂದು ಸುತ್ತು ಹೊಡೆದರು. ಹಿಂಬದಿಯಲ್ಲಿ ಗಕ್ಕನೆ ನಿಂತರು. ಅಲ್ಲಿ ಅಗೆದ ಮಣ್ಣು ಕಟ್ಟೆಯ ಅಂಚಿನವರೆಗೂ ರಾಶಿ ಬಿದ್ದಿತ್ತು.

“ಇದನ್ನ ಹೀಗೇ ಬಿಟ್ರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ!”

“ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ನೀವು ಬಂದಿದ್ದು ಒಳ್ಳೇದಾಯ್ತು,” ಎಂದು ಬಡಗಿ ಅಕ್ಕ ಸಲಿಕೆ ತಂದಳು. ಮೇಸ್ತ್ರಿಗಳು ಅದನ್ನು ಕಸಿದುಕೊಂಡು, ಮಣ್ಣೆಳೆದು, ಮಳೆ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿದರು.

ಅಷ್ಟರಲ್ಲಿ ಚಾವಣಿಯೂ ಕೂತಿತು. ಮೊಮ್ಮಗಳು ಒಳಗೆ ಓಡಿ ಗೋಡೆಗೆ ಒರಗಿ ಕೂತಳು.

“ತಾತಾ, ಬೆನ್ನು ತಣ್ಣಗಾಗ್ತಾನೇ ಇಲ್ಲ!”

ಮೇಸ್ತ್ರಿಗಳು ಅವಳ ಪಕ್ಕದಲ್ಲಿ ತಾವೂ ಬೆನ್ನು ಕೊಟ್ಟು ಕೂತರು. ಅಂಗೈಯಿಂದ ಗೋಡೆ ಸವರಿ ನೋಡಿದರು. ಆಮೇಲೆ ಸೊಸೆಯನ್ನು ಕರೆದರು.

“ಹೋಗಮ್ಮ, ಒಪ್ಪಿದ್ದೀವಿ ಅಂತ ಸಂಘದೋರಿಗೆ ಹೇಳಿ ಬಾ. ನಿನ್ನ ಹೊಲಿಗೆ ಮಿಷನ್ ಆ ಕಿಟಕಿ ಹತ್ರ ಇಡೋಣ.”

ಸೊಸೆ ಓಡಿದ ಓಟ ನೀವು ನೋಡಬೇಕಿತ್ತು. ನನಗೇ ಮನೆ ಸಿಕ್ಕಷ್ಟು ಖುಷಿಯಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಮರದ ಮನೆ ಅಂದ ಕೂಡಲೇ ಮೂಗು ಮುರಿಯಬೇಡಿ. ಹೋಗಿ ನೋಡಿ. ಮರ ಎಲ್ಲಿಂದ ಬಂತು, ಬೆಂಕಿಗೆ ಏನು ಏರ್ಪಾಡು, ತೇವ ಹೇಗೆ ತಡೆದಿದ್ದೀರಿ ಎಂದು ನಾಚಿಕೆ ಬಿಟ್ಟು ಕೇಳಿ. ಮನೆ ಕೈಗೆ ಬಂದ ಮೇಲೂ ನಲ್ಲಿ ಸೋರಿದರೆ ಅಂದೇ ಸರಿಮಾಡಿಸಿ. ನಿಮ್ಮ ಮಕ್ಕಳೂ ಒಣ ಗೋಡೆಗೆ ಬೆನ್ನು ಕೊಟ್ಟು ಹಾಯಾಗಿ ಕೂರಲಿ.