ನಾಲ್ಕು ಚಂದ್ರ, ಹತ್ತು ದಿನ

ತಪ್ಪು ಮಾಡಿದ್ದು ಶೋಯಬ್. ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದ. ಅಪ್ಪ ಶಫೀವುಲ್ಲಾ ತೀರಿಕೊಂಡ ಮೇಲೆ ಅಮ್ಮ ಬಿಸ್ಮಿಲ್ಲಾ ಬೀ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ, ಬಳೆ ಒಡವೆ ತೊಡದೆ ಇದ್ದತ್ ಕೂರಬೇಕಲ್ಲ, ಅದು ಮುಗಿಯುವ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಟ್ಟಿದ್ದ. ತೊಂಬತ್ತೆಂಟನೇ ಇಸವಿ, ಜೂನ್ ಎಂಟು, ಸೋಮವಾರ ಸಂಜೆ.

ಅದೇ ಸೋಮವಾರ ಬೆಳಿಗ್ಗೆ ಎದುರು ಮನೆಯ ಅರ್ಪಿತಳ ಮದುವೆ! ಹಿಂದಿನ ದಿನ ಬಳೆ ಶಾಸ್ತ್ರ. ಆ ಕೆಂಪು ಸುತ್ತು ಕಂಡಾಗಲೆಲ್ಲ ಬಿಸ್ಮಿಲ್ಲಾ ಬೀ ಮುಖ ತಿರುಗಿಸುತ್ತಿದ್ದಳು. ಗಂಜಾಂನ ನಿಮಿಷಾಂಬ ಗುಡಿಯ ದಾರಿಯಲ್ಲಿ ಗಂಡ ಹೆಂಡತಿ ಇಪ್ಪತ್ತೈದು ವರ್ಷ ಬಳೆ ಮಾರಿದವರು. ಅರ್ಪಿತ ತೊಟ್ಟಿಲಲ್ಲಿದ್ದಾಗ ಕರಿಬಳೆ ತೊಡಿಸಿದ್ದು ಇದೇ ಕೈ. ಈಗ ಮದುವೆಯ ಹಸಿರು ಬಳೆಯನ್ನು ಬೇರೆ ಯಾರೋ ತೊಡಿಸಬೇಕೆ? ಸಂಬಂಧ ಕುದುರಿದ ದಿನವೇ ಶಫೀವುಲ್ಲಾ ಬಳೆ ಆರಿಸಿ, ಕಾಗದ ಸುತ್ತಿ, ಟ್ರಂಕಿನಲ್ಲಿಟ್ಟಿದ್ದರು.

ಮದುವೆಗೆ ವಾರವಿರುವಾಗ ಅರ್ಪಿತಳ ಅಜ್ಜಿ ಸಿದ್ದಲಿಂಗಮ್ಮ ಹಾಲು ಕೊಡಲು ಬಂದಳು.

“ಬಳೆ ತೊಡ್ಸಕ್ಕೆ ಬೇರೆಯವ್ರನ್ನ ಕರೀರಿ ಸಿದ್ದಕ್ಕ,” ಎಂದಳು ಬಿಸ್ಮಿಲ್ಲಾ ಬೀ. “ನಂದು ಮುಗಿಯೋದು ಸೋಮವಾರ ಸಂಜೆಗೆ.”

“ಯಾವೋನು ಯೋಳ್ದೋನು?”

“ಶೋಯಬ್ ಲೆಕ್ಕ ಹಾಕವ್ನೆ. ಇವ್ರು ಹೋಗಿದ್ದು ಜನವರಿ ಇಪ್ಪತ್ತೊಂಬತ್ತು. ಮೇ ಇಪ್ಪತ್ತೊಂಬತ್ತಕ್ಕೆ ನಾಕು ತಿಂಗ್ಳು. ಮೇಲೆ ಹತ್ತು ದಿನ.”

ಸಿದ್ದಲಿಂಗಮ್ಮ ಹಾಲಿನ ಚೊಂಬು ಕುಕ್ಕಿದಳು. “ಅಯ್ಯೋ ನಿನ್ನ! ನಿಮ್ಮ ತಿಂಗ್ಳು ಚಂದ್ರನ್ ತಿಂಗ್ಳಲ್ವಾ? ಇಪ್ಪತ್ತೊಂಬತ್ತು, ಇಲ್ಲಾ ಮೂವತ್ತು. ಮೂವತ್ತೊಂದು ಎಲ್ಲಿಂದ ಬತ್ತದೆ? ಅದ್ಕೇ ಕಣವ್ವ ನಿಮ್ಮಬ್ಬ ವರ್ಸ ವರ್ಸ ಅನ್ನೊಂದು ದಿನ ಮೊದ್ಲೇ ಬಂದ್ಬುಡೋದು. ನಮ್ಮೋರು ಮೂರು ವರ್ಸಕ್ಕೊಂದು ಅಧಿಕಮಾಸ ತುರುಕಿ ಉಗಾದೀನ ಬ್ಯಾಸ್ಗೇಲೇ ನಿಲ್ಲಿಸ್ಕತ್ತಾರೆ. ನೀವು ತುರುಕಾಕಿಲ್ಲ. ಇಪ್ಪತ್ತು ವರ್ಸದಿಂದ ನಿಮ್ಮ ಪಾಯಸಕ್ಕೆ ಹಾಲು ಕೊಡ್ತಾ ಇವ್ನಿ, ನಂಗೊತ್ತಿಲ್ವಾ?”

ಬಿಸ್ಮಿಲ್ಲಾ ಬೀ ಬೆರಳು ಮಡಿಸಿ ಎಣಿಸತೊಡಗಿದಳು. ಹೌದಲ್ಲ! ಅಮಾವಾಸ್ಯೆ ಎಂದರೆ ಗುಡಿಗೆ ಜನವೋ ಜನ, ಬಳೆಗೆ ಭರ್ತಿ ವ್ಯಾಪಾರ. ಅಂಥ ಒಂದು ಅಮಾವಾಸ್ಯೆಯ ಮಾರನೇ ಸಂಜೆ, ರಂಜಾನ್ ಹಬ್ಬದ ಚಂದ್ರ ಕಂಡಿತು ಎಂದು ಬೀದಿಯೆಲ್ಲ ಕೂಗುತ್ತಿರುವಾಗಲೇ ಶಫೀವುಲ್ಲಾ ಎದೆ ಹಿಡಿದು ಕುಸಿದಿದ್ದರು. ಆಮೇಲೆ ಒಳಗೆ ಮಲಗಿಕೊಂಡೇ ಅವಳು ಪ್ರತಿ ಅಮಾವಾಸ್ಯೆಗೂ ಬಸ್ಸುಗಳ ಹಾರನ್ ಸದ್ದು, ಜನರ ಗದ್ದಲ ಕೇಳಿದ್ದಳು. ಒಂದು, ಎರಡು, ಮೂರು, ಕಳೆದ ವಾರ ನಾಲ್ಕನೆಯದು. ಆ ದಿನಗಳಲ್ಲಿ ಗಂಡನ ನೆನಪು ಬಹಳ ಕಾಡುತ್ತಿತ್ತು.

ಶೋಯಬ್ ಗುರುಗಳನ್ನು ಕೇಳಲು ಮಸೀದಿಗೆ ಓಡಿದ. ತಲೆ ಕೆರೆದುಕೊಳ್ಳುತ್ತ ವಾಪಸು ಬಂದ. “ಹಜರತ್ ಬೈದ್ರು ಅಮ್ಮೀ. ಅಬ್ಬಾ ಹೋಗಿದ್ದು ಚಾಂದ್ ಕಂಡ ರಾತ್ರಿ. ಅಲ್ಲಿಂದ ನಾಲ್ಕು ಚಾಂದ್ ಹೋದ ಬುಧವಾರಕ್ಕೇ ತುಂಬಿದ್ವಂತೆ. ಆ ಬುಧವಾರದಿಂದ ಹತ್ತು ದಿನ ಅಂದ್ರೆ ಈ ಶನಿವಾರ, ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಮುಗೀತದೆ.”

ಬಿಸ್ಮಿಲ್ಲಾ ಬೀಗೆ ಸಂತೋಷದ ಹಿಂದೆಯೇ ಭಯ ಬಂತು. “ದಿನವೇನೋ ಸರಿಹೋಯ್ತು ಸಿದ್ದಕ್ಕ. ಕೈ? ಗಂಡ ಇಲ್ದೋಳ ಬೋಳುಗೈಲಿ ಮದ್ವೆ ಹೆಣ್ಣಿಗೆ…”

“ಬಾಯ್ಮುಚ್ಚು! ನಾನೂ ಗಂಡ ಇಲ್ದೋಳೇ. ನಾನು ಎತ್ತಾಡ್ಸಿದ ಮಗೀಗೆ ನಾನೇ ಅಪಸಕುನವಾ? ಬತ್ತೀಯೋ, ಇಲ್ಲಾ ಎತ್ಕಂಡೋಗ್ಲೋ?”

ಭಾನುವಾರ ಬೆಳಿಗ್ಗೆ ಹೊಸಿಲು ದಾಟಿದಾಗ ಬಿಸಿಲಿಗೆ ಅವಳ ಕಣ್ಣು ಕುಕ್ಕಿತು. ಎದುರು ಮನೆಯಲ್ಲಿ ಅರ್ಪಿತ ಚಾಪೆಯ ಮೇಲೆ ಕೂತು ಕೈ ಚಾಚಿದಳು. ಬಿಸ್ಮಿಲ್ಲಾ ಬೀ ಹೆಬ್ಬೆರಳನ್ನು ಒಳಕ್ಕೊತ್ತಿ, ಗೆಣ್ಣು ನೀವಿ, ಒಂದೊಂದೇ ಬಳೆ ಇಳಿಸಿದಳು. ಒಂದೂ ಒಡೆಯಲಿಲ್ಲ. ಎರಡೂ ಕೈ ತುಂಬಿದ ಮೇಲೆ ಕಾಗದದಲ್ಲಿ ಒಂದು ಬಳೆ ಉಳಿಯಿತು. ಒಡೆದರೆ ಇರಲಿ ಎಂದು ಶಫೀವುಲ್ಲಾ ಯಾವಾಗಲೂ ಒಂದು ಹೆಚ್ಚಿಗೆ ಇಡುತ್ತಿದ್ದರು. ಅದನ್ನು ನೋಡಿ ಅವಳಿಗೆ ದುಃಖ ಒತ್ತರಿಸಿ ಬಂತು.

“ಬೀಬಜ್ಜಿ, ಇದು ನಿಂದು,” ಎಂದು ಅರ್ಪಿತ ಅವಳ ಕೈಯನ್ನೇ ಹಿಡಿದೆಳೆದಳು. ಊರಿಗೆಲ್ಲ ಬಳೆ ತೊಡಿಸಿದ ಕೈ. ಅದಕ್ಕೆ ಬಳೆ ತೊಡಿಸುತ್ತಿದ್ದವರು ಒಬ್ಬರೇ.

“ಬ್ಯಾಡ ಮಗ…”

“ನಿನ್ನೇಗೆ ಮುಗೀತಲ್ಲ. ಇನ್ನು ತೊಡ್ಬೋದಂತೆ, ಶೋಯಬಣ್ಣನ್ನ ಕೇಳ್ದೆ.”

“ಹೆಬ್ಬೆಟ್ಟು ಒಳಕ್ಕೆ ಒತ್ತು ಮತ್ತೆ, ಒಡೀತದೆ,” ಎಂದಳು ಬಿಸ್ಮಿಲ್ಲಾ ಬೀ, ಅಳುತ್ತಲೇ.

ಒತ್ತುವ ಕೆಲಸವೇ ಬೀಳಲಿಲ್ಲ. ನಾಲ್ಕು ತಿಂಗಳಲ್ಲಿ ಆ ಕೈ ಅಷ್ಟು ಸೊರಗಿತ್ತು. ಬಳೆ ತಾನಾಗಿಯೇ ಇಳಿದು ಮಣಿಕಟ್ಟಿನಲ್ಲಿ ನಿಂತಿತು.

“ನಾಳೆ ಮೊದಲ್ನೇ ಪಂಕ್ತೀಲೇ ಕೂತು ಉಣ್ಬೇಕು ನೀನು,” ಎಂದು ಗದರಿದ ಸಿದ್ದಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.