ಖಜಾಂಚಿ ಪ್ಯೋ ಮತ್ತು ಎರಡು ದೇಶದ ತೆರಿಗೆ

ಪ್ಯೋ ಗಿಲ್‌ಸಾಂಗ್ ಅಮೆರಿಕ ಬಿಟ್ಟು ಹೊರಟ ದಿನ ಅಲ್ಲಿನ ತೆರಿಗೆ ಇಲಾಖೆಯ ದೊಡ್ಡ ಸಾಹೇಬ ವಿಮಾನದ ಚಕ್ರ ಹಿಡಿದುಕೊಂಡು ಗೊಳೋ ಎಂದು ಅತ್ತ. 'ನೀವು ಹೋದರೆ ನಮ್ಮ ಬೊಕ್ಕಸದ ಗತಿಯೇನು?' ಅವನ ಹುಟ್ಟೂರಿನ ಬಂದರಿನ ಕಡಲಹಕ್ಕಿಗಳೂ ನಂಬದ ಮಾತಿದು, ಇರಲಿ. ವಿಮಾನ ತಡವಾದದ್ದಂತೂ ನಿಜ.

ಗಂಡ ಹೆಂಡತಿ ಇಬ್ಬರೂ ಚಿಕಾಗೋದಲ್ಲಿ ಕಂಡವರ ಕೋಟು ಒಗೆದು, ಇಸ್ತ್ರಿ ಮಾಡಿ ಬದುಕಿದವರು. ವಯಸ್ಸಾದ ಮೇಲೆ ಕೊರಿಯಾದ ಪೌರತ್ವವನ್ನು ಮರಳಿ ಪಡೆದು, ಅಮೆರಿಕದ್ದನ್ನೂ ಬಿಡದೆ, ಹುಟ್ಟೂರು ಟೋಂಗ್ಯಾಂಗ್‌ನಲ್ಲಿ ಸಮುದ್ರ ಕಾಣುವ ಪುಟ್ಟ ಮನೆ ಕೊಂಡರು. ದುಡಿದದ್ದೆಲ್ಲ ಆ ಗೋಡೆಗಳಲ್ಲೇ ಇತ್ತು. ಹೆಂಡತಿ ಮಾಲ್‌ಸುನ್ ಹಾಕಿದ್ದ ಷರತ್ತು ಒಂದೇ: ಇಲ್ಲಿ ಯಾವ ಸಂಘದ ಹುದ್ದೆಯನ್ನೂ ಹೊರಬಾರದು. ಚಿಕಾಗೋದ ಚರ್ಚಿನ ಖಜಾಂಚಿಯಾಗಿ ಅವನು ಅವಳ ಭಾನುವಾರಗಳನ್ನೆಲ್ಲ ನುಂಗಿದ್ದ.

ಗಿಲ್‌ಸಾಂಗ್ ಆಣೆ ಮಾಡಿದ. ಆಣೆ ಒಂದು ತಿಂಗಳು ಬದುಕಿತ್ತು. ಪ್ರಾಥಮಿಕ ಶಾಲೆಯ ಗೆಳೆಯರ ಸಂಘದ ಊಟದಲ್ಲಿ, ಅಮೆರಿಕದ ಬ್ಯಾಂಕುಗಳು ತನ್ನನ್ನು ಕೇಳದೆ ಬಾಗಿಲು ತೆರೆಯುತ್ತಿರಲಿಲ್ಲ ಎಂದುಬಿಟ್ಟ. ಗೆಳೆಯರು ಅಲ್ಲೇ ಅವನನ್ನು ಖಜಾಂಚಿ ಮಾಡಿ, ಸಂಘದ ಹಣವನ್ನು ಅವನ ಹೆಸರಿನ ಖಾತೆಗೆ ಹಾಕಿದರು. ಊರಿನ ಸಂಘಗಳೆಲ್ಲ ನಡೆಯುವುದೇ ಹಾಗೆ.

ವಸಂತ ಬಂತು. ಅಮೆರಿಕದ ಪೌರ ಪಾತಾಳದಲ್ಲಿ ಹೋಗಿ ಕೂತರೂ ಅಲ್ಲಿಗೆ ತೆರಿಗೆ ಲೆಕ್ಕ ಒಪ್ಪಿಸಬೇಕು, ಹೊರದೇಶದ ಬ್ಯಾಂಕ್ ಖಾತೆಗಳನ್ನೂ ತಿಳಿಸಬೇಕು. ದಂಪತಿ ಬಿನ್ ಎಂಬ ತೆರಿಗೆ ಸಲಹೆಗಾರ್ತಿಯ ಬಳಿ ಹೋದರು. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಕಳೆಯಬಹುದು ಎಂದು ಆಕೆ ಹೇಳಿದಾಗ ಇಬ್ಬರಿಗೂ ಅರ್ಧ ಜೀವ ಬಂತು. ಬೇರೆ ಖಾತೆ ಇದೆಯೇ ಎಂದು ಆಕೆ ಕೇಳಿದಳು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಗಿಲ್‌ಸಾಂಗ್ ಇಲ್ಲವೆಂದ. ಒಳ್ಳೆಯದಾಯಿತು, ಬೇಕೆಂದೇ ಮುಚ್ಚಿಟ್ಟರೆ ದಂಡ ನಿಮ್ಮ ಮನೆಯನ್ನೇ ನುಂಗೀತು ಎಂದಳು ಬಿನ್.

ಅವನ ಬೆನ್ನಲ್ಲಿ ಇಳಿದ ಬೆವರಿನಲ್ಲಿ ಮೀನು ಹಿಡಿಯುವ ದೋಣಿ ಬಿಡಬಹುದಿತ್ತು. ಮೆಟ್ಟಿಲಿಳಿಯುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದ.

"ಮತ್ತೆ ಖಜಾಂಚಿನಾ? ಇಷ್ಟು ವರ್ಷ ಕಂಡವರ ಕೋಟುಗಳಿಗೆ ಇಸ್ತ್ರಿ ಹಾಕಿದ್ದು ದಂಡ ಕಣ್ರೀ, ನಿಮ್ಮ ನಾಲಿಗೆಗೆ ಹಾಕ್ಬೇಕಿತ್ತು," ಎಂದವಳೇ ತೋಳು ಹಿಡಿದು ಮತ್ತೆ ಮೇಲಕ್ಕೆ ಎಳೆದಳು.

ಬಿನ್ ಕೇಳಿ ನಕ್ಕಳು. "ಅದು ಸಂಘದ ದುಡ್ಡು ಯಜಮಾನ್ರೇ, ನಿಮ್ಮ ಸಂಪಾದನೆ ಅಲ್ಲ. ಖಾತೆ ನಿಮ್ಮ ಹೆಸರಲ್ಲಿದೆ ಅಂತ ತಿಳಿಸಿದ್ರೆ ಆಯ್ತು. ಅದಕ್ಕೆ ತೆರಿಗೆ ಬೀಳಲ್ಲ, ಗಡುವೂ ದಾಟಿಲ್ಲ."

ಗಿಲ್‌ಸಾಂಗ್ ಬಿಟ್ಟ ನಿಟ್ಟುಸಿರಿಗೆ ಕಿಟಕಿಯ ಪರದೆ ಹಾರಿ ಬೀದಿಗೆ ಬಿತ್ತು.

ಮುಂದಿನ ಊಟಕ್ಕೆ ಮಾಲ್‌ಸುನ್ ಕೂಡ ಬಂದಳು, ಖಜಾಂಚಿಗಿರಿ ಇನ್ನೊಬ್ಬರ ಕೊರಳಿಗೆ ಬೀಳುವುದನ್ನು ಕಣ್ಣಾರೆ ನೋಡಲು. ಹಸಿ ಮೀನಿನ ತಟ್ಟೆ ಬರುವ ಮೊದಲೇ ಗಂಡ ಶುರುಹಚ್ಚಿದ: ಅಮೆರಿಕದವರು ಸಂಘದ ಹಣಕ್ಕೆ ಕೈಹಾಕಿದರಂತೆ, ಇವನು ಫೋನಿನಲ್ಲೇ ಗದರಿದನಂತೆ, ಅವರು ತಪ್ಪಾಯಿತು ಅಂದರಂತೆ.

"ಯಾವ ಭಾಷೇಲಿ ಗದರಿದ್ರಿ?" ಎಂದಳು ಮಾಲ್‌ಸುನ್. "ಬಿನ್ ಮೇಡಂ ಎದುರು ಮೂಗು ಒರೆಸ್ಕೊಂಡ್ರಲ್ಲ, ಆ ಭಾಷೇಲಾ?"

ಗೆಳೆಯರೆಲ್ಲ ಅವನತ್ತ ತಿರುಗಿದರು. ಗಿಲ್‌ಸಾಂಗ್ ಕೈಲಿದ್ದ ಲೋಟ ಕೆಳಗಿಟ್ಟ.

"ಫೋನೂ ಇಲ್ಲ, ಗದರಿದ್ದೂ ಇಲ್ಲ ಕಣ್ರೋ. ಮನೆ ಹೋಯ್ತು ಅಂದ್ಕೊಂಡಿದ್ದೆ. ಹೋಗಲ್ಲ ಅಂದ್ರು. ಅಳು ತಡ್ಕೊಳ್ಳೋಕಾಗ್ಲಿಲ್ಲ."